ಟೆಂಡರಿನಲ್ಲಿ ‘ಅನುಭವ’: ಪದದ ಅರ್ಥ ಮತ್ತು ಬಳಕೆ

‘ಅನುಭವ’ ಎಂಬ ಪದವು ವ್ಯಾಪಾರ ವ್ಯವಹಾರದಲ್ಲಿ ನಿತ್ಯವೂ ಬಳಕೆಯಾಗುತ್ತದೆ. ಆದರೆ ಎಲ್ಲ ಕಡೆಯೂ ಅದರ ಅರ್ಥ ಒಂದೇ ಆಗಿರುವುದಿಲ್ಲ. ಕ್ರಯಪತ್ರದಲ್ಲಿ ‘ಸ್ವಾಧೀನಾನುಭವ’ ಎಂದರೆ ಸ್ವತ್ತನ್ನು ವಶದಲ್ಲಿಟ್ಟುಕೊಂಡು ಅದರ ಫಲವನ್ನು ಪಡೆಯುವುದು. ಅಂಗಡಿ, ಕಾರ್ಖಾನೆಗಳ ಮಾತಿನಲ್ಲಿ ಅನುಭವವೆಂದರೆ ಹಲವು ವರ್ಷಗಳ ದುಡಿಮೆಯಿಂದ ಬಂದ ತಿಳಿವಳಿಕೆ. ಟೆಂಡರ್ ಪತ್ರದಲ್ಲಿಯಾದರೋ ಅದು ಹಿಂದೆ ಪೂರೈಸಿದ ಕೆಲಸಕ್ಕೆ ಇರುವ ಲಿಖಿತ ಪುರಾವೆ. ಈ ಕೊನೆಯ ಎರಡು ಅರ್ಥಗಳ ಅಂತರವನ್ನು ಗಮನಿಸದ ಕಾರಣ, ಕೆಲಸ ಬಲ್ಲ ಸಂಸ್ಥೆಗಳೂ ದರದ ಲಕೋಟೆ ತೆರೆಯುವ ಮೊದಲೇ ಅನರ್ಹಗೊಳ್ಳುವುದುಂಟು.

ಲೆಕ್ಕಪತ್ರದಲ್ಲಿ ಅನುಭವಕ್ಕೆ ಸ್ಥಾನವಿಲ್ಲ. ಸಂಸ್ಥೆಯು ತಾನೇ ಗಳಿಸಿಕೊಂಡ ಗುಡ್‌ವಿಲ್ ಅನ್ನು ಆಸ್ತಿಯೆಂದು ತೋರಿಸಲು ಲೆಕ್ಕಪತ್ರ ಮಾನದಂಡ 26 ಅವಕಾಶ ಕೊಡುವುದಿಲ್ಲ. ಆದ್ದರಿಂದ ಅನುಭವವನ್ನು ತೋರಿಸಲು ಬ್ಯಾಲೆನ್ಸ್ ಶೀಟು ಸಾಲದು. ಬೇರೆ ಕಾಗದಪತ್ರಗಳೇ ಬೇಕು.

ಅನುಭವ ಯಾರದು?

ಏಕಮಾಲೀಕತ್ವದ ಘಟಕವು ಖಾಸಗಿ ಕಂಪೆನಿಯಾಗಿ ಬದಲಾದಾಗ, ಅಥವಾ ಹಳೆಯ ಪಾಲುದಾರರು ಹೊಸ ಸಂಸ್ಥೆ ತೆರೆದಾಗ ಈ ಪ್ರಶ್ನೆ ಏಳುತ್ತದೆ. ನ್ಯೂ ಹೊರೈಜನ್ಸ್ ಲಿಮಿಟೆಡ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1994ರಲ್ಲಿ ಇದನ್ನು ವಿಚಾರಿಸಿತು. ಹೈದರಾಬಾದಿನ ದೂರವಾಣಿ ಡೈರೆಕ್ಟರಿ ಮುದ್ರಣದ ಟೆಂಡರಿನಲ್ಲಿ ಆ ಕಂಪೆನಿಗೆ ಸ್ವಂತ ಹೆಸರಿನಲ್ಲಿ ಅನುಭವವಿಲ್ಲವೆಂದು ಅದರ ಅರ್ಜಿಯನ್ನು ತಿರಸ್ಕರಿಸಲಾಗಿತ್ತು. ಜಂಟಿ ಉದ್ಯಮವಾದ ಆ ಕಂಪೆನಿಯಲ್ಲಿ ಸೇರಿದ್ದ ಸಂಸ್ಥೆಗಳಿಗೆ ಅನುಭವವಿತ್ತು. ವಿವೇಕಿಯಾದ ವ್ಯಾಪಾರಿಯು ಬರಿಯ ಹೆಸರನ್ನು ನೋಡದೆ ಅದರ ಹಿಂದಿರುವ ವ್ಯಕ್ತಿಗಳನ್ನೂ ಅವರ ಸಾಮರ್ಥ್ಯವನ್ನೂ ನೋಡುತ್ತಾನೆ, ಟೆಂಡರಿನ ಷರತ್ತನ್ನೂ ಹಾಗೆಯೇ ಓದಬೇಕು ಎಂಬುದು ನ್ಯಾಯಾಲಯದ ಅಭಿಪ್ರಾಯವಾಗಿತ್ತು.

ಎಂತಹ ಅನುಭವ?

ಆದರೆ ಈ ತೀರ್ಪನ್ನೇ ನಂಬಿ ನಿಶ್ಚಿಂತರಾಗುವಂತಿಲ್ಲ. ನಾಗಪುರ ಮೆಟ್ರೋ ಕಾಮಗಾರಿಗೆ ಸಂಬಂಧಿಸಿದ ಆಫ್ಕಾನ್ಸ್ ಮೊಕದ್ದಮೆಯಲ್ಲಿ, ಬೇರೆ ಬಗೆಯ ರೈಲು ಮಾರ್ಗದ ನಿರ್ಮಾಣವು ಮೆಟ್ರೋ ಕಾಮಗಾರಿಯ ಅನುಭವವಾಗುತ್ತದೆಯೇ ಎಂಬ ವಿವಾದವಿತ್ತು. ಟೆಂಡರ್ ಪತ್ರವನ್ನು ರಚಿಸಿದವರೇ ಅದರ ಷರತ್ತನ್ನು ಚೆನ್ನಾಗಿ ಬಲ್ಲರು. ಅವರ ಅರ್ಥವಿವರಣೆಯು ದುರುದ್ದೇಶದಿಂದ ಕೂಡಿಲ್ಲದಿದ್ದರೆ ಅಥವಾ ತೀರ ಅಸಂಗತವಾಗಿಲ್ಲದಿದ್ದರೆ ನ್ಯಾಯಾಲಯಗಳು ಕೈಹಾಕಬಾರದು ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ತೀರ್ಮಾನಿಸಿತು. ಹೀಗಿರುವಾಗ ‘ಇದೇ ಬಗೆಯ ಕೆಲಸ’ ಎಂಬ ಮಾತಿನ ಬಗ್ಗೆ ಸಂದೇಹವಿದ್ದರೆ, ಟೆಂಡರ್ ಪೂರ್ವಸಭೆಯಲ್ಲಿ ಲಿಖಿತ ಸ್ಪಷ್ಟನೆ ಪಡೆಯುವುದೇ ಕ್ಷೇಮ.

ರಿಯಾಯಿತಿ ಯಾರಿಗೆ?

ಹೊಸದಾಗಿ ಬಂದವರಿಗೆ ಅನುಭವವೆಲ್ಲಿಂದ ಬರಬೇಕು? ಈ ತೊಡಕನ್ನು ಮನಗಂಡು ಕೇಂದ್ರ ಸರ್ಕಾರವು 2016ರ ಮಾರ್ಚ್ 10ರ ಸುತ್ತೋಲೆಯ ಮೂಲಕ ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ಪೂರ್ವಾನುಭವ ಹಾಗೂ ವಹಿವಾಟಿನ ಷರತ್ತನ್ನು ಸಡಿಲಿಸಲು ಅವಕಾಶ ನೀಡಿತು. ಸಾಮಾನ್ಯ ಹಣಕಾಸು ನಿಯಮಗಳು 2017ರ ನಿಯಮ 173ರಲ್ಲಿ ಸ್ಟಾರ್ಟ್‌ಅಪ್‌ಗಳಿಗೂ ಇಂತಹ ಅವಕಾಶವಿದೆ. ಗುಣಮಟ್ಟ ಮತ್ತು ತಾಂತ್ರಿಕ ನಿರ್ದಿಷ್ಟತೆಗಳಲ್ಲಿ ಮಾತ್ರ ವಿನಾಯಿತಿಯಿಲ್ಲ. ‘ಸಡಿಲಿಸಬಹುದು’ ಎಂಬುದು ‘ಸಡಿಲಿಸಲೇಬೇಕು’ ಎಂದಾಗುವುದಿಲ್ಲವಾದ್ದರಿಂದ ಪ್ರತಿ ಟೆಂಡರಿನಲ್ಲಿಯೂ ಈ ಅಂಶವನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು. ವರ್ತಕರು ಇನ್ನೊಂದು ವಿಷಯವನ್ನು ತಿಳಿದಿರಬೇಕು. 2021ರ ಜುಲೈನಲ್ಲಿ ಸಗಟು ಮತ್ತು ಚಿಲ್ಲರೆ ವ್ಯಾಪಾರಕ್ಕೆ ಉದ್ಯಮ್ ನೋಂದಣಿಯನ್ನು ತೆರೆದಾಗ, ಅದರ ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕೆ ಮಾತ್ರ ಸೀಮಿತಗೊಳಿಸಲಾಯಿತು.

ಕಡತದಲ್ಲಿ ಏನಿರಬೇಕು?

ಪ್ರತಿ ಆರ್ಡರಿನ ಪ್ರತಿ, ಬಿಲ್ಲು, ಹಣ ಸಂದಾಯದ ದಾಖಲೆ ಮತ್ತು ಕೆಲಸ ಪೂರೈಸಿದ ಪ್ರಮಾಣಪತ್ರ ಒಟ್ಟಿಗೆ ಇರಬೇಕು. ಪ್ರಮಾಣಪತ್ರದಲ್ಲಿ ಕೆಲಸದ ಸ್ವರೂಪ, ಪ್ರಮಾಣ, ಮೊತ್ತ, ಆರಂಭದ ಮತ್ತು ಮುಕ್ತಾಯದ ದಿನಾಂಕಗಳು ನಮೂದಾಗಿರಬೇಕು. ‘ತೃಪ್ತಿಕರವಾಗಿ ಪೂರೈಸಿದ್ದಾರೆ’ ಎಂಬ ಒಂದೇ ಸಾಲಿನ ಪತ್ರದಿಂದ ಪ್ರಯೋಜನ ಕಡಿಮೆ. ಈ ಪತ್ರವನ್ನು ಕೊನೆಯ ಬಿಲ್ಲಿನ ಜೊತೆಗೇ ಕೇಳಿ ಪಡೆಯುವುದು ಒಳ್ಳೆಯದು. ಅಧಿಕಾರಿಗಳು ವರ್ಗವಾದ ಮೇಲೆ ಅದು ಸುಲಭವಾಗಿ ದೊರೆಯದು.

ಸಂಸ್ಥೆಯ ಸ್ವರೂಪ ಬದಲಾಗುವಾಗ ವ್ಯವಹಾರವು ಚಾಲ್ತಿಯಲ್ಲಿರುವಂತೆಯೇ, ಅದರ ಗುತ್ತಿಗೆಗಳು ಮತ್ತು ಪೂರ್ವಾನುಭವದ ಸಮೇತ ಹೊಸ ಸಂಸ್ಥೆಗೆ ಹಸ್ತಾಂತರವಾಗಿದೆಯೆಂದು ಒಪ್ಪಂದದಲ್ಲಿ ಬರೆಸಬೇಕು. ಪಾಲುದಾರರು ನಿವೃತ್ತರಾಗುವಾಗ ಹಳೆಯ ಕೆಲಸಗಳ ಅನುಭವವನ್ನು ಮುಂದೆ ಯಾರು ಹೇಳಿಕೊಳ್ಳಬಹುದೆಂಬುದನ್ನೂ ನಿವೃತ್ತಿ ಪತ್ರದಲ್ಲಿಯೇ ಸ್ಪಷ್ಟಪಡಿಸಿಕೊಂಡರೆ, ಮುಂದೊಂದು ದಿನ ಇಬ್ಬರೂ ಅದೇ ಪ್ರಮಾಣಪತ್ರ ಹಿಡಿದು ಒಂದೇ ಟೆಂಡರಿಗೆ ಬಂದು ನಿಲ್ಲುವ ಪ್ರಸಂಗ ತಪ್ಪುತ್ತದೆ.