ಗುಂಪಿನ ಯಜಮಾನ ಬದಲಾದಾಗ

ಧಾರವಾಡದ ಸುತ್ತಿನ ಮರಗಳಲ್ಲಿ ಮುಸಿಯ ಕೋತಿಗಳ ಗುಂಪನ್ನು ನೋಡುತ್ತ ಕುಳಿತರೆ ಮೊದಲು ಕಣ್ಣಿಗೆ ಬೀಳುವುದು ದೊಡ್ಡ ಗಂಡು. ಎತ್ತರದ ಕೊಂಬೆ, ಇಳಿಬಿದ್ದ ಉದ್ದ ಬಾಲ, ಆಗಾಗ ಒಂದು ಹೂಂಕಾರ. ಆದರೆ ಅವನು ಹೊರಗಿನಿಂದ ಬಂದವನು. ಅವನ ಆಳ್ವಿಕೆ ಸಾಮಾನ್ಯವಾಗಿ ಕೆಲವೇ ವರ್ಷಗಳದ್ದು. ಅಜ್ಜಿ, ತಾಯಿ, ಮಗಳು ಎಂದು ಅಲ್ಲೇ ಹುಟ್ಟಿ ಅಲ್ಲೇ ಮುದಿಯಾಗುವವು ಹೆಣ್ಣುಗಳು.

1960ರ ದಶಕದ ಆರಂಭದಲ್ಲಿ ಜಪಾನಿನ ಸಂಶೋಧಕ ಯುಕಿಮಾರು ಸುಗಿಯಾಮ ಇಲ್ಲಿಯೇ ಈ ಯಜಮಾನಿಕೆಯ ಪಲ್ಲಟವನ್ನು ಕಣ್ಣಾರೆ ಕಂಡರು. ಒಂಟಿ ಗಂಡುಗಳ ತಂಡವೊಂದು ನುಗ್ಗಿ ಹಳೆಯವನನ್ನು ಓಡಿಸಿತು. ಆಮೇಲೆ ಅವುಗಳಲ್ಲೊಂದು ತನ್ನ ಜೊತೆಗಾರರನ್ನೂ ಅಟ್ಟಿತು. ಗೆಲ್ಲಿಸಿದವರಿಗೇ ಮೊದಲ ಪೆಟ್ಟು! ನಂತರ ಹಾಲು ಕುಡಿಯುವ ಮರಿಗಳು ಒಂದೊಂದಾಗಿ ಈ ಹೊಸಬನಿಂದ ಕಚ್ಚಿಸಿಕೊಂಡವು.

ಇಂಥ ದಿನಗಳಲ್ಲಿ ನೋಡಬೇಕಾದದ್ದು ಹೊಸಬನನ್ನಲ್ಲ, ಕೊಂಬೆಗಳನ್ನು. ಮಾಮೂಲಿ ದಿನಗಳಲ್ಲಿ ಕಪ್ಪು ಮೈಯ ಎಳೆ ಮರಿ ತಾಯಿಯ ಕೈಯಿಂದ ಚಿಕ್ಕಮ್ಮನ ಕೈಗೆ, ಅಲ್ಲಿಂದ ಇನ್ನೊಬ್ಬಳ ಮಡಿಲಿಗೆ ದಾಟುತ್ತಿರುತ್ತದೆ. ಈಗ ತಾಯಿ ಮರಿಯನ್ನು ಹೊಟ್ಟೆಗೆ ಒತ್ತಿಕೊಂಡು ದೂರ ಸರಿಯುತ್ತಾಳೆ. ಮರಿಯಿಲ್ಲದವು ಹೊಸಬನಿಗೆ ಬೇಗ ಹೊಂದಿಕೊಳ್ಳುತ್ತವೆ. ಅಡ್ಡ ನಿಂತು ಹಲ್ಲು ಕಿರಿಯುವ ಧೈರ್ಯ ಎಷ್ಟೋ ಸಲ ಮುದಿ ಹೆಣ್ಣುಗಳದು. ಮೌಂಟ್ ಅಬುವಿನಲ್ಲಿ ಸಂಶೋಧಕಿ ಸಾರಾ ಹರ್ಡಿ ಇದನ್ನು ದಾಖಲಿಸಿದ್ದಾರೆ.

ರಾಜಕೀಯ ಪಕ್ಷಗಳಲ್ಲಿ ನಾಯಕ ಬದಲಾದಾಗಲೂ ನನ್ನ ಕಣ್ಣು ಹಾರ ಹಾಕಿಸಿಕೊಳ್ಳುವವರ ಮೇಲಲ್ಲ, ಹಿಂದಿನ ಸಾಲಿನ ಮೇಲೆ. ಹಳೆಯ ನಾಯಕ ಬೆಳೆಸಿದ ಮರಿ ಪುಢಾರಿಗಳು, ನಿಗಮ ಮಂಡಳಿಗಳಲ್ಲಿ ಕೂತವರು, ಟಿಕೆಟ್ಟಿನ ಆಸೆಯಲ್ಲಿದ್ದವರು ಅಲ್ಲಿರುತ್ತಾರೆ. ಯಾರು ಹೊಸಬರ ಮನೆಯ ಗೇಟಿನಲ್ಲಿ, ಯಾರು ಊರಿನಲ್ಲೇ ಸುಮ್ಮನೆ ಕೂತರು ಎಂಬುದು ಒಂದು ವಾರದಲ್ಲೇ ಗೊತ್ತಾಗುತ್ತದೆ.

ಆದರೆ ಹೋಲಿಕೆ ಒಂದು ಕಡೆ ತುಂಡಾಗುತ್ತದೆ. ಸೋತ ಗಂಡು ಗುಂಪಿನ ನೆಲವನ್ನು ಹೊತ್ತೊಯ್ಯಲಾರದು. ಹುಣಸೆ, ಆಲ, ನೀರಿನ ಹೊಂಡ ಎಲ್ಲ ಅಲ್ಲೇ ಉಳಿಯುತ್ತವೆ. ಪಕ್ಷದ ನೆಲ ಮತದಾರ, ಅವನಿಗೆ ಕಾಲಿದೆ. 1989ರಲ್ಲಿ ವೀರೇಂದ್ರ ಪಾಟೀಲರ ನೇತೃತ್ವದಲ್ಲಿ ಕಾಂಗ್ರೆಸ್ಸು ರಾಜ್ಯ ವಿಧಾನಸಭೆಯ 224 ಸ್ಥಾನಗಳಲ್ಲಿ 178 ಗೆದ್ದಿತ್ತು. 1990ರ ಅಕ್ಟೋಬರಿನಲ್ಲಿ ಮುಖ್ಯಮಂತ್ರಿ ಪಾಟೀಲರು ಕಾಯಿಲೆ ಬಿದ್ದಿದ್ದಾಗಲೇ, ಅವರ ಬದಲಾವಣೆಯನ್ನು ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪ್ರಕಟಿಸಿಬಿಟ್ಟರು. ಅವರ ಜಾಗಕ್ಕೆ ಬಂಗಾರಪ್ಪ ಬಂದರು, 1992ರಲ್ಲಿ ಅವರೂ ಇಳಿದು ಮೊಯಿಲಿ ಬಂದರು. ಶಾಸಕರು ಪ್ರತಿ ಸಲವೂ ಹೊಂದಿಕೊಂಡರು, ಅಧಿಕಾರ ಮತ್ತೆ ಕಾಂಗ್ರೆಸ್ಸಿಗೇ ದಕ್ಕಿತು. ವಿಧಾನಸೌಧದಿಂದ ನೋಡಿದವರಿಗೆ ಎಲ್ಲ ನೆಟ್ಟಗೇ ಕಂಡಿರಬೇಕು. ಪಾಟೀಲರ ಸಮುದಾಯದವರಾದ ಲಿಂಗಾಯತ ಮತದಾರರು ಮಾತ್ರ ಸದ್ದಿಲ್ಲದೆ ಎದ್ದು ಹೋಗುತ್ತಿದ್ದರು. ಬಂಗಾರಪ್ಪನವರು ತಮ್ಮದೇ ಕರ್ನಾಟಕ ಕಾಂಗ್ರೆಸ್ ಪಕ್ಷ ಕಟ್ಟಿ 1994ರಲ್ಲಿ 10 ಸ್ಥಾನ ಗೆದ್ದರು. ಅದೇ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಉಳಿದದ್ದು 34.