ಇಳಿಜಾರು ಹಲಗೆಯೂ ಸಂವೇಗದ ಲೆಕ್ಕವೂ

ಪ್ರೌಢಶಾಲೆಯಲ್ಲಿ ಬಲ, ಸಂವೇಗ, ಆವೇಗ, ಇಳಿಜಾರು ತಲ ಇವುಗಳ ಪಾಠ ಹೇಳುವುದು ಅಷ್ಟೇನೂ ಕಷ್ಟವಲ್ಲ. ಲೆಕ್ಕ ಮಾಡಿಸುವುದೇ ಕಷ್ಟ. ನಿಯಮಗಳನ್ನು ತಪ್ಪಿಲ್ಲದೆ ಒಪ್ಪಿಸುವ ವಿದ್ಯಾರ್ಥಿಯೇ ಲೆಕ್ಕವನ್ನು ಕಂಡೊಡನೆ ಸೂತ್ರಗಳಿಗಾಗಿ ತಡಕಾಡುತ್ತಾನೆ. ಕೊಟ್ಟ ಅಂಕಿಗಳು ಯಾವ ಸೂತ್ರದೊಳಗೆ ಹಿಡಿಸುವುವೋ ಅದೇ ಅವನಿಗೆ ದಾರಿ. ಈ ತೊಡಕಿಗೆ ಗಣಿತದ ಕೊರತೆಗಿಂತ ಮಾತಿನ ಕೊರತೆಯೇ ಹೆಚ್ಚಿನ ಕಾರಣವೆಂದು ನಾವು ಭಾವಿಸುತ್ತೇವೆ. ಏನು ನಡೆಯಿತೆಂದು ಮೊದಲು ಬಾಯಲ್ಲಿ ಹೇಳಬಲ್ಲವನು ಅನಂತರ ಅದನ್ನು ಸೂತ್ರದಲ್ಲಿಯೂ ಬರೆಯಬಲ್ಲನು.

ಗಡಿನಾಡಿನ ಶಾಲೆಗಳಲ್ಲಿ ಈ ತೊಡಕು ಇಮ್ಮಡಿಯಾಗಿದೆ. ಮಗು ಮನೆಯಲ್ಲಿ ಒಂದು ಮಾತನ್ನೂ ಪುಸ್ತಕದಲ್ಲಿ ಇನ್ನೊಂದನ್ನೂ ಕೇಳಿ, ಮುಂದಿನ ತರಗತಿಗೆ ಹೋದಾಗ ಇಂಗ್ಲಿಷಿನ ಮೂರನೆಯದನ್ನು ಕಲಿಯಬೇಕಾಗುತ್ತದೆ. ನಮ್ಮ ಸಂವೇಗವು ಮರಾಠಿಯಲ್ಲಿಯೂ ‘ಸಂವೇಗ’ವೇ, ಮಲಯಾಳದಲ್ಲಿ ‘ಆಕ್ಕಂ’, ತಮಿಳಿನಲ್ಲಿ ‘ಉಂದಂ’, ತೆಲುಗಿನಲ್ಲಿ ‘ದ್ರವ್ಯವೇಗಂ’. ಈ ಬಹುಭಾಷೆಯನ್ನು ನಾವು ಹೊರೆಯೆಂದು ಎಣಿಸಬೇಕಾಗಿಲ್ಲ. ತೆಲುಗಿನ ಶಬ್ದವನ್ನೇ ನೋಡಿರಿ: ದ್ರವ್ಯರಾಶಿಯನ್ನು ವೇಗದಿಂದ ಗುಣಿಸಬೇಕೆಂಬ ಅರ್ಥ ಅದರೊಳಗೇ ಅಡಗಿದೆ. 1687ರಲ್ಲಿ ಪ್ರಕಟವಾದ ‘ಪ್ರಿನ್ಸಿಪಿಯಾ’ದಲ್ಲಿ ನ್ಯೂಟನ್ನನು ‘ಚಲನೆಯ ಪರಿಮಾಣ’ವೆಂದು ಕರೆದದ್ದೂ ಈ ಗುಣಲಬ್ಧವನ್ನೇ.

ಆವೇಗವೆಂಬ ಶಬ್ದಕ್ಕೆ ಹೆಚ್ಚಿನ ಎಚ್ಚರ ಬೇಕು. ಬಳಕೆಯ ಮಾತಿನಲ್ಲಿ ಆವೇಗವೆಂದರೆ ಮನಸ್ಸಿನ ರಭಸ. ಆದುದರಿಂದ ಮಗು ಅದನ್ನು ದೊಡ್ಡ ಬಲವೆಂದು ತಿಳಿಯುತ್ತದೆ. ಶಾಸ್ತ್ರದಲ್ಲಿ ಅದು ಬಲವನ್ನು ಅದು ವರ್ತಿಸಿದ ಕಾಲದಿಂದ ಗುಣಿಸಿದಾಗ ಬರುವ ಮೊತ್ತ. ಸಂವೇಗದಲ್ಲಿ ಉಂಟಾದ ಬದಲಾವಣೆಗೆ ಅದು ಸಮ. ಕುಂಬಾರನು ಮಡಕೆಗಳ ನಡುವೆ ಹುಲ್ಲು ತುಂಬಿ ಗಾಡಿಯಲ್ಲಿ ಸಾಗಿಸುವುದೇಕೆ? ಗಾಡಿ ಕುಲುಕಿದಾಗ ಮಡಕೆಯ ಸಂವೇಗ ಹೇಗೂ ಬದಲಾಗಲೇಬೇಕು; ಹುಲ್ಲು ಆ ಬದಲಾವಣೆಗೆ ಹೆಚ್ಚು ಕಾಲಾವಕಾಶ ಕೊಡುವುದರಿಂದ ಬಲವು ಕಡಿಮೆಯಾಗುತ್ತದೆ. ಹೀಗೆ ಹೇಳಿದ ಮೇಲೆ ಸೂತ್ರವು ತಾನಾಗಿ ಬರುತ್ತದೆ.

ಇಳಿಜಾರು ತಲವು ಪಠ್ಯದಲ್ಲಿ ಸ್ಥಾನ ಪಡೆದುದಕ್ಕೂ ಕಾರಣವುಂಟು. ನೇರವಾಗಿ ಬೀಳುವ ವಸ್ತುವಿನ ಓಟವನ್ನು ಅಳೆಯಲು ಗೆಲಿಲಿಯೋನ ಕಾಲದಲ್ಲಿ ತಕ್ಕ ಗಡಿಯಾರವಿರಲಿಲ್ಲ. ಅವನು ಓರೆಯಾದ ಮರದ ತೊಲೆಯಲ್ಲಿ ತೋಡು ಕೊರೆದು, ಅದರಲ್ಲಿ ಕಂಚಿನ ಗುಂಡನ್ನು ಉರುಳಿಸಿ, ಪಾತ್ರೆಯಿಂದ ಸುರಿದ ನೀರನ್ನು ತೂಗಿ ಕಾಲವನ್ನು ಅಳೆದನು. 1638ರಲ್ಲಿ ಅಚ್ಚಾದ ಅವನ ಗ್ರಂಥದಲ್ಲಿ ಇದರ ವರ್ಣನೆಯಿದೆ. ಇಳಿಜಾರು ಪತನವನ್ನು ನಿಧಾನಗೊಳಿಸಿ ನಮ್ಮ ಕಣ್ಣಿಗೆ ಕಾಣುವಂತೆ ಮಾಡುತ್ತದೆ.

ಈಗ ಒಂದು ಲೆಕ್ಕವನ್ನು ತೆಗೆದುಕೊಳ್ಳೋಣ. ಉಗ್ರಾಣದ ಅಟ್ಟದಿಂದ 4 ಮೀಟರ್ ಉದ್ದದ ಹಲಗೆಯನ್ನು ಓರೆಯಾಗಿ ಇಳಿಬಿಟ್ಟಿದೆ. ಅದರ ಮೇಲ್ತುದಿ ಕೆಳತುದಿಗಿಂತ 2.4 ಮೀಟರ್ ಎತ್ತರದಲ್ಲಿದೆ. 20 ಕಿಲೋಗ್ರಾಂ ಪೆಟ್ಟಿಗೆ ನಿಶ್ಚಲತೆಯಿಂದ ಹೊರಟು, ಕೆಳಗೆ ನಿಂತಿರುವ 60 ಕಿಲೋಗ್ರಾಂ ತಳ್ಳುಗಾಡಿಯೊಳಕ್ಕೆ ಬಿದ್ದು ಅಲ್ಲೇ ನಿಲ್ಲುತ್ತದೆ. ಘರ್ಷಣಾ ಗುಣಾಂಕ 0.5, ಗುರುತ್ವ ವೇಗೋತ್ಕರ್ಷ 10 ಎಂದಿರಲಿ. ಗಾಡಿಯ ಚಕ್ರಗಳು ತಡೆಯಿಲ್ಲದೆ ಉರುಳುತ್ತವೆ. ಗಾಡಿ ಯಾವ ವೇಗದಿಂದ ಹೊರಡುತ್ತದೆ?

ಇದು ಒಂದು ಲೆಕ್ಕದಂತೆ ಕಂಡರೂ ಎರಡು ಘಟನೆಗಳ ಕಥೆ. ಮೊದಲನೆಯದು ಜಾರುವುದು. ಪೆಟ್ಟಿಗೆಯ ತೂಕ 200 ನ್ಯೂಟನ್. ಹಲಗೆಯ ಗುಂಟ ಅದರ ಘಟಕ 120, ಹಲಗೆಗೆ ಲಂಬವಾಗಿ 160. ಘರ್ಷಣೆ 160ರ ಅರ್ಧ, ಎಂದರೆ 80. ಉಳಿದ ಬಲ 40 ನ್ಯೂಟನ್, ವೇಗೋತ್ಕರ್ಷ 2. ನಾಲ್ಕು ಮೀಟರ್ ಜಾರಿದಾಗ ವೇಗದ ವರ್ಗ 16; ವೇಗ ಸೆಕೆಂಡಿಗೆ 4 ಮೀಟರ್.

ಎರಡನೆಯದು ಡಿಕ್ಕಿ. ಗಾಡಿ ಅಡ್ಡಲಾಗಿ ಮಾತ್ರ ಚಲಿಸಬಲ್ಲದು. ಸಂವೇಗದ ಕೆಳಮುಖ ಭಾಗವನ್ನು ನೆಲವು ತಡೆಯುತ್ತದೆ. ಪೆಟ್ಟಿಗೆಯ ಅಡ್ಡವೇಗ 4ರ 0.8 ಪಾಲು, ಎಂದರೆ 3.2, ಅಡ್ಡಸಂವೇಗ 64. ಅದೀಗ ಒಟ್ಟು 80 ಕಿಲೋಗ್ರಾಮಿಗೆ ಹಂಚಿಹೋಗಬೇಕು. ಆದುದರಿಂದ ಗಾಡಿಯ ವೇಗ ಸೆಕೆಂಡಿಗೆ 0.8 ಮೀಟರ್.

ತಾಳೆ ನೋಡುವುದೂ ಸುಲಭ. ಗಾಡಿಗೆ ದೊರೆತ ಆವೇಗ 60ನ್ನು 0.8ರಿಂದ ಗುಣಿಸಿದಾಗ 48; ಪೆಟ್ಟಿಗೆ ಕಳೆದುಕೊಂಡದ್ದು 64ರಿಂದ 16 ಕಳೆದರೆ ಅದೇ 48. ಡಿಕ್ಕಿ 0.2 ಸೆಕೆಂಡಿನಲ್ಲಿ ಮುಗಿದಿದ್ದರೆ ಅಡ್ಡಲಾದ ಸರಾಸರಿ ಬಲ 240 ನ್ಯೂಟನ್. ಗಾಡಿಯಲ್ಲಿ ಹುಲ್ಲು ಹಾಸಿ ಆ ಕಾಲವನ್ನು ಇಮ್ಮಡಿಗೊಳಿಸಿದರೆ 120.

ಇಲ್ಲಿ ಅಧ್ಯಾಪಕರಿಗೆ ಉಪಯುಕ್ತವಾದ ಸಂಗತಿಯೊಂದಿದೆ: ತಪ್ಪು ಉತ್ತರವೇ ತಪ್ಪಿನ ಸ್ಥಳವನ್ನು ತೋರಿಸುತ್ತದೆ. ಉತ್ತರ 1 ಎಂದು ಬರೆದ ವಿದ್ಯಾರ್ಥಿ ಸಂವೇಗವನ್ನು ಬಲ್ಲನು, ಅದಕ್ಕೆ ದಿಕ್ಕುಂಟೆಂಬುದನ್ನು ಮರೆತನು. 2 ಎಂದು ಬರೆದವನು ಡಿಕ್ಕಿಯಲ್ಲಿ ಚಲನಶಕ್ತಿ ಉಳಿಯುವುದೆಂದು ನಂಬಿದನು. ನಿಜವಾಗಿ 160 ಜೌಲ್‌ಗಳಲ್ಲಿ ಗಾಡಿಯ ಓಟಕ್ಕೆ ಉಳಿದುದು 25.6 ಮಾತ್ರ, ಮಿಕ್ಕದ್ದು ಶಾಖವಾಗಿ, ಸದ್ದಾಗಿ ಹೋಯಿತು. ಇಬ್ಬರಿಗೂ ಒಂದೇ ಕೆಂಪು ಗೆರೆ ಎಳೆದು ಸೊನ್ನೆ ಕೊಟ್ಟರೆ ಇಬ್ಬರೂ ಏನನ್ನೂ ಕಲಿಯಲಾರರು. ‘ನನಗೆ ವಿಜ್ಞಾನ ಹತ್ತುವುದಿಲ್ಲ’ ಎಂದು ಮಕ್ಕಳು ಕೈಚೆಲ್ಲುವುದು ಇಂತಹ ಸೊನ್ನೆಗಳಿಂದಲೇ.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿ ನಮ್ಮ ಸೂಚನೆ ಇಷ್ಟೇ. ಲೆಕ್ಕವನ್ನು ಓದಿದ ಮೇಲೆ ಪುಸ್ತಕ ಮುಚ್ಚಿಸಿ ಮೂರು ಪ್ರಶ್ನೆ ಕೇಳಬೇಕು: ಕಥೆಯಲ್ಲಿ ಎಷ್ಟು ಘಟನೆಗಳಿವೆ? ಪ್ರತಿಯೊಂದರಲ್ಲಿ ಉಳಿಯುವುದು ಯಾವುದು, ಹೋಗುವುದು ಯಾವುದು? ಯಾವ ದಿಕ್ಕಿನಲ್ಲಿ? ಉತ್ತರ ಕನ್ನಡದಲ್ಲಿ ಬರಲಿ. ನೆರೆಭಾಷೆಯ ಮಾತೊಂದು ನಡುವೆ ಸೇರಿದರೂ ಬಾಧಕವಿಲ್ಲ. ಸ್ವಂತ ಮಾತಿನಲ್ಲಿ ಕಥೆಯನ್ನು ಬಿಡಿಸಿ ಹೇಳಲು ಕಲಿತ ಮಗು ನಾಳೆ ಯಾವ ಭಾಷೆಯ ತರಗತಿಯಲ್ಲಿ ಕುಳಿತರೂ ಹಿಂದುಳಿಯದು.