ಅಮೃತ ಮಹಲ್ ಕಾವಲುಗಳು

ಮೈಸೂರು ಅರಸರು ತಮ್ಮ ದನಗಳ ಮೇವಿಗಾಗಿ ಕಾದಿರಿಸಿದ ಹುಲ್ಲುಗಾವಲುಗಳಿಗೆ ಅಮೃತ ಮಹಲ್ ಕಾವಲುಗಳೆಂದು ಹೆಸರು. ಚಳ್ಳಕೆರೆಯ ಕಾವಲುಗಳು ಪರಸ್ಥಳದವರ ಕಣ್ಣಿಗೆ ಬರಡು ಬಯಲಾಗಿ ತೋರಬಹುದು. ಆದರೆ ಅಲ್ಲಿ ಕೃಷ್ಣಮೃಗಗಳೂ ಕುರುಬರ ಕುರಿಗಳೂ ಒಂದೇ ಹುಲ್ಲನ್ನು ನಂಬಿರುವುವು. ಆ ಕುರಿಗಳ ಉಣ್ಣೆಯಿಂದಲೇ ಹೆಸರಾಂತ ಚಳ್ಳಕೆರೆ ಕಂಬಳಿಯು ಸಿದ್ಧವಾಗುವುದು. ಮೊಳಕಾಲ್ಮುರು ಕಡೆಯ ಮ್ಯಾಸಬೇಡರು ನೇಗಿಲಿಗೆ ಕಟ್ಟದೆ ಸಾಕುವ ದೇವರ ಎತ್ತುಗಳನ್ನು ಕಿಲಾರಿಗಳು ಇಂಥ ಬಯಲುಗಳಲ್ಲಿಯೇ ಮೇಯಿಸುವರು.

2007 ರಿಂದ 2010 ರವರೆಗೆ ಚಳ್ಳಕೆರೆಯ ಸುಮಾರು 10,000 ಎಕರೆ ಕಾವಲು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮೊದಲಾದ ಸಂಸ್ಥೆಗಳಿಗೆ ಕೊಡಲ್ಪಟ್ಟಿತು. ಗೋಡೆಗಳೆದ್ದು ಮಂದೆಗಳ ದಾರಿ ಮುಚ್ಚಿತು. 2013 ರಲ್ಲಿ ಈ ವ್ಯಾಜ್ಯವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು.

ದೇಶಕ್ಕೆ ವಿಜ್ಞಾನವು ಬೇಕು, ನಿಜವೇ. ಆದರೂ ಒಂದು ಬಯಲನ್ನು ಬಂಜರೆನ್ನುವ ಮುನ್ನ, ಅದನ್ನು ನಂಬಿ ಬಾಳುವವರಾರೆಂದು ವಿಚಾರಿಸುವ ಅಭ್ಯಾಸವನ್ನು ನಾವು ನಮ್ಮ ಮಕ್ಕಳಿಗೆ ಕಲಿಸತಕ್ಕದ್ದು.